ಅಕ್ಕ ಬಣ್ಣ ಹಚ್ಚಿದ ಗೇಮಿನ ಪೆಟ್ಟಿಗೆ

ಅಕ್ಟೋಬರ್ 13, ಭಾನುವಾರ. ಬರೆಯಲು ಕುಳಿತಾಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಪೆಟ್ಟಿಗೆ ಪಡಸಾಲೆಯಲ್ಲಿ ನನ್ನೆದುರಿಗೇ ನಿಂತಿದೆ. ಎನಾಮಲ್ ಬಣ್ಣದ ವಾಸನೆ ಇನ್ನೂ ಹೋಗಿಲ್ಲ.

ಹಳೆಯ ವಿಡಿಯೊ ಗೇಮ್ ಪೆಟ್ಟಿಗೆಗಳನ್ನು ಹುಡುಕಿ ಕೊಂಡು ಮನೆಯಲ್ಲಿಡುವುದು ನನ್ನ ಹವ್ಯಾಸ. ನಾಣ್ಯ ಹಾಕಿ, ನಿಂತುಕೊಂಡು ಆಡುವ ಆಳೆತ್ತರದ ಪೆಟ್ಟಿಗೆಗಳು. ಊರೂರಿನಲ್ಲಿದ್ದ ಗೇಮ್ ಅಂಗಡಿಗಳು ಮುಚ್ಚಿ ವರ್ಷಗಳಾದವು. ಪೆಟ್ಟಿಗೆಗಳು ಮಾತ್ರ ಎಲ್ಲೆಲ್ಲೋ ಉಳಿದಿವೆ. ಕುಷ್ಟಗಿಯಲ್ಲಿ ಒಂದರೊಳಗೆ ಪಾರಿವಾಳ ಸಾಕಿದ್ದರು. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿಯ ಲೆಕ್ಕ ಬರೆಯುವುದು ನನ್ನ ಕೆಲಸ. ಅದೇ ರೂಢಿಯಲ್ಲಿ, ಯಾವ ಊರಿನಲ್ಲಿ ಯಾವ ದಿನ ಎಂಥ ಪೆಟ್ಟಿಗೆ ನೋಡಿದೆ ಎಂದೂ ಬರೆದಿಡುತ್ತೇನೆ. ಇದುವರೆಗೆ ನೋಡಿದ್ದು ಹನ್ನೊಂದು, ಕೊಂಡದ್ದು ನಾಲ್ಕು. ನಾಲ್ಕನೆಯದು ಇದು. ಮೊದಲ ಮೂರನ್ನೂ ಕೊಂಡದ್ದು ಇದನ್ನು ಹುಡುಕುತ್ತ ಹೋದಾಗಲೇ.

ನಮ್ಮೂರು ಕಿನ್ನಾಳ. ಅಪ್ಪ ಗೊಂಬೆ ಮಾಡುವವರು. ನನಗೆ ಎಂಟು ವರ್ಷವಿದ್ದಾಗ ಗಂಗಾವತಿಯ ಗೇಮ್ ಅಂಗಡಿಯವನೊಬ್ಬ ಹೊಸ ಪ್ಲೈವುಡ್ ಪೆಟ್ಟಿಗೆಯನ್ನು ಟೆಂಪೊದಲ್ಲಿ ತಂದು, ಬೀದಿಗೆ ಕಾಣುವ ಮಗ್ಗಲಿಗೆ ಚಿತ್ರ ಬರೆದುಕೊಡಿ ಎಂದು ನಮ್ಮ ಮನೆಯಲ್ಲಿ ಇಳಿಸಿ ಹೋದ. ಅಪ್ಪನಿಗೆ ದೇವರ ಮೂರ್ತಿಯ ಕೆಲಸವಿತ್ತು. ಚಿತ್ರ ಬರೆದವಳು ಅಕ್ಕ. ಗೋಡೆ ಜಿಗಿಯುತ್ತಿರುವ ಹುಡುಗ. ಮುಖ ನನ್ನದು, ನೀಲಿ ಅಂಗಿಯೂ ನನ್ನದೇ. ಗೊಂಬೆಗಳ ಒಡವೆಗಳನ್ನು ಉಬ್ಬಿಸಲು ನಾವು ಬಳಸುವ ಹುಣಸೆ ಬೀಜದ ಕಿಟ್ಟದಿಂದ ಅಂಗಿಯ ಗುಂಡಿಗಳನ್ನು ಉಬ್ಬುಬ್ಬಾಗಿ ಮಾಡಿದಳು. ಅದು ಅಂಗಡಿಯಲ್ಲಿ ನಿಂತದ್ದನ್ನು ಅವಳು ನೋಡಲೇ ಇಲ್ಲ. ಹುಡುಗಿಯರು ಅಲ್ಲಿಗೆ ಹೋಗುತ್ತಿರಲಿಲ್ಲ. ನಾನು ಹೋಗಿ ಬಂದು ವರದಿ ಒಪ್ಪಿಸುತ್ತಿದ್ದೆ.

"ಹುಡುಗ್ರು ಏನಂತಾರಲೇ?" ಎಂದು ಕೇಳುತ್ತಿದ್ದಳು.

"ಜಿಗಿಯಾಂವ ಭಾಳ ಛಲೋ ಅದಾನ ಅಂತಾರ."

"ಮಾರಿ ನಿಂದು ಅಂತ ಹೇಳೀಯೇನು?"

"ಹೇಳೀನಿ. ಯಾರೂ ನಂಬವಲ್ರು."

"ನೀ ಅಷ್ಟು ಛಲೋ ಎಲ್ಲದೀಯೋ, ಮಂಗ್ಯಾ!"

ಮದುವೆಯಾದ ಎರಡನೆಯ ವರ್ಷ ಅಕ್ಕ ಹೆರಿಗೆಯಲ್ಲಿ ತೀರಿಕೊಂಡಳು. ನಮ್ಮ ಗೊಂಬೆಗಳ ಮೇಲೆ ಮಾಡಿದವರ ಹೆಸರಿರುವುದಿಲ್ಲ. ಅವಳು ಬಣ್ಣ ಹಚ್ಚಿದ್ದೆಲ್ಲ ಮಾರಾಟವಾಗಿ, ಯಾರ ಯಾರ ಮನೆಯ ಕಪಾಟಿನಲ್ಲಿದೆಯೋ ಗೊತ್ತಿಲ್ಲ. ಇದು ಅಕ್ಕನದು ಎಂದು ನಾವು ಗುರುತಿಸಿ ಹೇಳಬಹುದಾದದ್ದು ಆ ಪೆಟ್ಟಿಗೆಯೊಂದೇ.

ಗಂಗಾವತಿಯ ಅಂಗಡಿ ಮುಚ್ಚಿದಾಗ ಅದು ಕುಷ್ಟಗಿಗೆ ಹೋಗಿತ್ತು, ಅಲ್ಲಿಂದ ಹನುಮಸಾಗರಕ್ಕೆ. ಕೊನೆಗೆ ಯಲಬುರ್ಗಾದಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವ ಹಿರಿಯರೊಬ್ಬರ ಹತ್ತಿರ ಇದೆಯೆಂದು ತಿಳಿದು, ಹೋದ ತಿಂಗಳು ಫೋನ್ ಮಾಡಿದೆ. ಹಳೆಯ ಸಾಮಾನು ಕೊಳ್ಳುವವರಲ್ಲಿ ಒಂದು ಪದ್ಧತಿಯಿದೆ: ನಮಗೆ ಏನು ಬೇಕೆಂಬುದನ್ನು ಮಾರುವವರಿಗೆ ತೋರಿಸಿಕೊಳ್ಳಬಾರದು. ನಾನೂ ಹಾಗೆಯೇ ಮಾಡಿದೆ.

"ಕಾಕಾ, ಮಗ್ಗಲಿನ ಬಣ್ಣ ಹೆಂಗೈತ್ರಿ?"

"ಎಲ್ಲೀ ಬಣ್ಣ ತಮ್ಮಾ, ಬಿಸಲಿಗೆ ಸೊರಗಿ ಹೋಗೈತಿ. ಒಬ್ಬ ಹುಡುಗ ಗೋಡಿ ಜಿಗಿಯಾಕತ್ತಾನ, ಅವನ ಮೂಗ ಅರ್ಧ ಇಲ್ಲ."

ಅದೇ ಚಿತ್ರ. ಆದರೂ ದನಿ ತಗ್ಗಿಸಿ, "ಹೌದೇನ್ರಿ? ಇರ್ಲಿ ಬಿಡ್ರಿ. ಟಿವಿ ಹತ್ತತೈತೇನು?" ಎಂದೆ.

"ಹತ್ತತೈತಿ. ಬನ್ನಿ ಹಬ್ಬದ ದಿನ ಬಂದು ಒಯ್ಯಿ, ಛಲೋ ದಿನ."

ನನಗೂ ಅಂದೇ ರಜೆಯಿತ್ತು, ಟೆಂಪೊ ಸಿಗುವುದೂ ಅಂದೇ. ಒಪ್ಪಿದೆ. ಮನೆಯಲ್ಲಿ ಹೇಳಿದೆ. "ಇನ್ನೊಂದು ಡಬ್ಬಿ ತಂದ್ರ ನಾ ಕಟ್ಟಿಮ್ಯಾಲ ಮಲ್ಕೋಬೇಕಾಕ್ಕೈತಿ" ಎಂದು ಮೂರು ಸಲವೂ ಗೊಣಗಿದ್ದ ಅವ್ವ, ಈ ಸಲ ತಾನೇ ಜೋಳದ ಚೀಲಗಳನ್ನು ಸರಿಸಿ ಜಾಗ ಮಾಡಿದಳು.

ನಿನ್ನೆ ಬೆಳಿಗ್ಗೆ ಒಂಬತ್ತೂವರೆಗೆ ಯಲಬುರ್ಗಾ ತಲುಪಿದೆ. ಹಿಂದಿನ ದಿನವಷ್ಟೇ ಖಂಡೇಪೂಜೆ, ಅಂದರೆ ಆಯುಧಪೂಜೆ, ಆಗಿತ್ತು. ಹಬ್ಬಕ್ಕೆಂದು ಗಿರಣಿಗೆ ಹಸಿರು ಬಣ್ಣ ಹೊಡೆದು, ಚೆಂಡುಹೂವಿನ ಮಾಲೆ ಹಾಕಿದ್ದರು. ಅದರ ಪಕ್ಕದಲ್ಲಿ ಪೆಟ್ಟಿಗೆ ನಿಂತಿತ್ತು. ಅದೇ ಹಸಿರು. ಮೇಲಿನಿಂದ ಕೆಳಗಿನವರೆಗೆ ಹಸಿರು. ನಾಣ್ಯದ ಸೀಳಿನ ಮೇಲೆ ಕುಂಕುಮ.

"ಮದಲಗಿತ್ತಿ ಆಗೇತಿ ನೋಡು ತಮ್ಮಾ!" ಎಂದರು ಕಾಕಾ.

"ಚಿತ್ರ ಇತ್ತಲ್ರಿ..."

"ಆ ಮೂಗಿಲ್ಲದಾವನಾ? ಮುಚ್ಚಿಬಿಟ್ಟೆ. ಫೋನಿನ್ಯಾಗ ನೀ ಬಣ್ಣದ ಬಗ್ಗೆ ಕೇಳಿ ಸಪ್ಪಗಾದಿ. ಹಬ್ಬದಾಗ ನಮ್ಮ ಮನಿಯಿಂದ ಹೋಗೂ ಸಾಮಾನು, ಹಂಗ ಕೊಟ್ರ ಮಂದಿ ಏನಂದಾರು? ಗಿರಣಿದ ಬಣ್ಣ ಉಳದಿತ್ತು, ಎರಡು ಕೈ ಹಚ್ಚೇನಿ. ಅದಕ್ಕ ರೊಕ್ಕ ಬ್ಯಾಡ ಮತ್ತ!" ನಕ್ಕರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಪಾಲಿಶ್ ಪೇಪರ್ ತಿಕ್ಕಾಕ ಪುರಸೊತ್ತು ಸಿಗಲಿಲ್ಲ. ಅಲ್ಲಲ್ಲಿ ಗಂಟು ಗಂಟು ಉಳದಾವ, ಮನಸಿಗೆ ಹಚ್ಕೋಬ್ಯಾಡ" ಎಂದರು.

ಅವರ ಉಗುರುಗಳ ಸಂದಿಯಲ್ಲಿ ಇನ್ನೂ ಹಸಿರು ಬಣ್ಣವಿತ್ತು. "ಭಾಳ ಛಲೋ ಆಗೇತ್ರಿ ಕಾಕಾ" ಎಂದೆ. ಬನ್ನಿ ಎಲೆ ಕೈಗಿಟ್ಟು, "ಬಂಗಾರದಂಗ ಇರೂಣು" ಎಂದರು. ಬಗ್ಗಿ ಕಾಲು ಮುಟ್ಟಿದೆ. ಟೆಂಪೊದ ಹಿಂಬದಿಯಲ್ಲಿ ಪೆಟ್ಟಿಗೆಯನ್ನು ಹಿಡಿದುಕೊಂಡು ಕುಳಿತವನು ಕೊಪ್ಪಳ ದಾಟುವವರೆಗೂ ಅತ್ತೆ. ದಾರಿಯ ಗಾಳಿಗೆ ಬನ್ನಿ ಎಲೆಗಳು ಹಾರಿ ಹೋದವು.

ಮನೆಯಲ್ಲಿ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ಪೆಟ್ಟಿಗೆ ಇಳಿಸುತ್ತಿದ್ದಂತೆ ಚಿತ್ರವಿದ್ದ ಬಲಮಗ್ಗಲಿಗೆ ಹೋಗಿ ನಿಂತಳು.

"ಬ್ಯಾರೇದು ತಂದಿಯೇನೋ?"

"ಇದಽ ಅವ್ವ. ಮ್ಯಾಲ ಬಣ್ಣ ಹಚ್ಚ್ಯಾರ."

ಅವಳು ಒಳಗೆ ಹೋದಳು. ಒಲೆಯ ಮುಂದೆ ಕುಳಿತಳು, ಒಲೆ ಹಚ್ಚಲಿಲ್ಲ.

ಅಪ್ಪ ಮಾತ್ರ ಪೆಟ್ಟಿಗೆಯ ಹತ್ತಿರ ಬಂದು ಅಂಗೈಯನ್ನು ಹಸಿರಿನ ಮೇಲೆ ನಿಧಾನವಾಗಿ ಆಡಿಸಿದರು. ಎದೆಯ ಮಟ್ಟದಲ್ಲಿ ಕೈ ನಿಂತಿತು. ಬೆರಳು ಒಂದೊಂದೇ ಗಂಟಿನ ಮೇಲೆ ಇಳಿಯುತ್ತ ಬಂತು.

"ಐದು ಗುಂಡಿ" ಎಂದರು. "ನಾ ನಾಕು ಸಾಕಂದಿದ್ದೆ. ಅವನ ಅಂಗಿಗೆ ಐದಽ ಅದಾವ ಅಂತ ಜಗಳಾಡಿ ಹಾಕಿದ್ಲು."

ನನ್ನ ಕೈ ಹಿಡಿದು ಅಲ್ಲಿಡಿಸಿದರು. ಇದ್ದವು. ಕಾಣುತ್ತಿರಲಿಲ್ಲ, ಆದರೆ ಇದ್ದವು.

ರಾತ್ರಿ ಊಟಕ್ಕೆ ಯಾರೂ ಕೂಡಲಿಲ್ಲ. ಇವತ್ತು ಬೆಳಿಗ್ಗೆ ಬ್ಲೇಡಿನಿಂದ ಒಂದು ಮೂಲೆ ಕೆರೆದು ನೋಡಲು ಹೋದೆ. ಅಪ್ಪ ಕೈ ತಡೆದರು: "ತಳದಾಗಿಂದು ನೀರಿನ ಬಣ್ಣ. ಮ್ಯಾಲಿಂದು ಎದ್ರ ಅದೂ ಏಳ್ತೈತಿ." ಬ್ಲೇಡನ್ನು ಕಪಾಟಿನ ಮೇಲಿಟ್ಟೆ.

ಆದ್ದರಿಂದ ಓದುವವರಲ್ಲಿ ಒಂದು ಕೇಳಿಕೆ. ನೀರಿನ ಬಣ್ಣದ ಚಿತ್ರಕ್ಕೆ ಧಕ್ಕೆಯಾಗದಂತೆ ಮೇಲಿನ ಎನಾಮಲ್ ಬಿಡಿಸುವುದನ್ನು ಬಲ್ಲವರಿದ್ದರೆ, ದಯವಿಟ್ಟು ನನಗೆ ಬರೆದು ತಿಳಿಸಿ. ಇಪ್ಪತ್ತು ವರ್ಷಗಳ ಹಿಂದೆ ಗಂಗಾವತಿಯ ಅಂಗಡಿಯಲ್ಲಿ ಆ ಪೆಟ್ಟಿಗೆಗೆ ಒರಗಿ ನಿಂತು ಫೋಟೊ ತೆಗೆಸಿಕೊಂಡವರು ಯಾರಾದರೂ ಇದ್ದರೆ, ಅವರೂ ಬರೆಯಿರಿ. ನಿಮ್ಮ ಬೆನ್ನ ಹಿಂದೆ ನೀಲಿ ಅಂಗಿಯ ಹುಡುಗನೊಬ್ಬ ಒಂದಿಷ್ಟೇ ಕಂಡರೂ ಸಾಕು.