ಒಂಟೆಯಿಲ್ಲದ ಮರಳುಗಾಡು

ಗಾರೊ ತೆರ್ಜಿಯನ್ ಬರೆದ ಚಿತ್ರಗಳಲ್ಲಿ ಒಂದೂ ಥಿಯೇಟರಿನ ಪರದೆ ಮುಟ್ಟಿಲ್ಲ. ಅಮೆರಿಕದ ಬರ್ಬ್ಯಾಂಕ್‌ನ ಅನಿಮೇಷನ್ ಸ್ಟುಡಿಯೊವೊಂದರ ಕಥಾ ವಿಭಾಗದಲ್ಲಿ ಮೂರು ದಶಕ ದುಡಿದವನು ಅವನು. ಅಲ್ಲಿ ಸಿನಿಮಾ ಮೊದಲು ಹುಟ್ಟುವುದು ಗೀಚುಚಿತ್ರಗಳಲ್ಲಿ. ಅವನ್ನು ಸಾಲಾಗಿ ಜೋಡಿಸಿ, ಮಾತು ಸೇರಿಸಿ, ಒಂದು ಕಚ್ಚಾ ರೀಲು ಮಾಡುತ್ತಾರೆ. ಸ್ಟುಡಿಯೊದವರೆಲ್ಲ ಕೂತು ನೋಡುತ್ತಾರೆ. ಕಥೆ ಎಲ್ಲಿ ಕುಂಟಿತು ಎಂದು ಜಗಳವಾಡಿ, ಅರ್ಧಕ್ಕರ್ಧ ಕಿತ್ತೆಸೆದು, ಮತ್ತೆ ಶುರು ಮಾಡುತ್ತಾರೆ. ಹೀಗೆ ನಾಲ್ಕೈದು ವರ್ಷ. ಕಥೆ ಗಟ್ಟಿಯಾದ ಮೇಲೆ ಬೇರೆಯವರು ಬಂದು ಎಲ್ಲವನ್ನೂ ಹೊಸದಾಗಿ, ಬಣ್ಣದಲ್ಲಿ ಮಾಡುತ್ತಾರೆ.

"ನಾವು ಸಾರುವೆ ಕಟ್ಟೋರು," ಎನ್ನುತ್ತಿದ್ದ ಗಾರೊ. "ಬಿಲ್ಡಿಂಗ್ ಎದ್ದ ಮೇಲೆ ನಮ್ಮನ್ನ ಬಿಚ್ಚಿ ಲಾರಿಗೆ ಹಾಕ್ತಾರೆ."

ಬೈರೂತ್‌ನಲ್ಲಿ ಹುಟ್ಟಿದ ಅರ್ಮೇನಿಯನ್. ಅಲ್ಲಿನ ಯುದ್ಧದ ವರ್ಷಗಳಲ್ಲಿ ಅಪ್ಪ ಅಮ್ಮನ ಜೊತೆ ಬರ್ಬ್ಯಾಂಕ್ ಪಕ್ಕದ ಗ್ಲೆಂಡೇಲ್‌ಗೆ ಬಂದವನು ಅಲ್ಲೇ ಉಳಿದ. ಮದುವೆಯಾಗಲಿಲ್ಲ. ಕಚೇರಿಯಲ್ಲೇ ಉದ್ದ ಹಿಡಿಯ ತಾಮ್ರದ ಪಾತ್ರೆ ಇಟ್ಟುಕೊಂಡು ಗಸಿಗಟ್ಟುವ ಕಾಫಿ ಕಾಯಿಸುತ್ತಿದ್ದ. ಅದೇ ಕೋಣೆಯ ಎದುರು ಮೇಜು ಲೈಲ್ ಬ್ರಾಂಡ್‌ವೊಲ್ಡ್‌ನದು. ಮಿನೆಸೋಟದ ರೈತನ ಮಗ, ಆರಡಿ ಮೀರಿದ ಆಳು, ಗಂಟಲಲ್ಲಿ ಜಲ್ಲಿ ಉರುಳಿದಂಥ ದನಿ. ಗಾರೊನ ಕಾಫಿಯನ್ನು ದಿನವೂ ಬೈಯುತ್ತ ದಿನವೂ ಕುಡಿಯುತ್ತಿದ್ದ. ಭಾನುವಾರ ಗಾರೊನ ಊಟ ಲೈಲ್ ಮತ್ತು ಅವನ ಹೆಂಡತಿ ನೇಡೀನ್‌ಳ ಮನೆಯಲ್ಲಿ.

ಇಬ್ಬರೂ ಒಟ್ಟಿಗೆ ಮಾಡಿದ ಕೊನೆಯ ಸಿನಿಮಾ ಒಬ್ಬ ಹುಡುಗಿಯ ಕಥೆ. ಕಳೆದುಹೋದ ಅಣ್ಣನನ್ನು ಹುಡುಕುತ್ತ ಅವಳು ಮುದಿ ಒಂಟೆಯೊಂದಿಗೆ ಮರಳುಗಾಡು ದಾಟುತ್ತಾಳೆ. ಒಂಟೆ ಮಾತಾಡುತ್ತದೆ. ಹೆಸರಾಂತ ನಟರು ದನಿ ಕೊಡುವುದು ಕೊನೆಗೆ. ಅಲ್ಲಿಯವರೆಗೆ ಸ್ಟುಡಿಯೊದವರೇ ಯಾರಾದರೂ ಮೈಕಿನ ಮುಂದೆ ನಿಂತು ಆ ಮಾತುಗಳನ್ನು ಓದಿಬಿಡುವುದು ವಾಡಿಕೆ. ಒಂಟೆಗೆ ಲೈಲ್‌ನನ್ನು ಕರೆದರು.

"ಮುಖ ನೋಡಿ ಕರೆದ್ರೋ, ದನಿ ಕೇಳಿ ಕರೆದ್ರೋ?" ಎಂದು ಲೈಲ್ ಕೇಳಿದ.

"ನಡಿಗೆ ನೋಡಿ," ಎಂದ ಗಾರೊ.

ಲೈಲ್ ಬರೆದದ್ದನ್ನಷ್ಟೇ ಓದುತ್ತಿರಲಿಲ್ಲ. ಹುಡುಗಿ ಬೆಚ್ಚಿದಾಗಲೆಲ್ಲ "ಹೂಂ ಮರಿ, ಇದೀನಿ" ಎಂದು ತಾನಾಗಿ ಸೇರಿಸುತ್ತಿದ್ದ. ಅದು ಅವನು ಮನೆಯಲ್ಲಿ ನೇಡೀನ್‌ಗೆ ಹೇಳುತ್ತಿದ್ದ ಮಾತು.

ಎರಡನೆಯ ವರ್ಷ ಲೈಲ್‌ಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ಬೇಸಿಗೆ ಮುಗಿಯುವಷ್ಟರಲ್ಲಿ ತೀರಿಕೊಂಡ.

ಆಮೇಲೆ ಕಥಾ ವಿಭಾಗದವರು ತಮಗೇ ಅರಿವಿಲ್ಲದಂತೆ ಒಂದು ತಪ್ಪು ಮಾಡಿದರು. ಕಚ್ಚಾ ರೀಲಿನ ಪ್ರತಿ ಪ್ರದರ್ಶನದ ನಂತರ ದೃಶ್ಯಗಳನ್ನು ನಿರ್ದಾಕ್ಷಿಣ್ಯವಾಗಿ ಹರಿದು ಹಾಕುವ ಜನ, ಒಂಟೆ ಬರುವ ಕಡೆ ಸುಮ್ಮನಾಗತೊಡಗಿದರು. ಖಳನಾಯಕ ಬದಲಾದ, ಹುಡುಗಿಯ ಊರು ಬದಲಾಯಿತು, ಒಂಟೆ ಮಾತ್ರ ಇದ್ದಲ್ಲೇ ಇತ್ತು. ಅದಕ್ಕೆ ಹೊಸ ಮಾತು ಬರೆದರೆ ಓದಲು ಲೈಲ್ ಇಲ್ಲ. ಬೇರೆಯವರಿಂದ ಓದಿಸೋಣ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ಹಾಗಾಗಿ ಸತ್ತವನ ಹಳೆಯ ಮಾತುಗಳು ಹೊಂದುವ ಹಾಗೆ ಕಥೆಯನ್ನೇ ಬಗ್ಗಿಸುತ್ತ ಹೋದರು. ಕಥೆ ಸೊರಗಿತು.

ಈ ಪ್ರದರ್ಶನಗಳಿಗೆ ಮನೆಯವರೂ ಬರಬಹುದು. ನೇಡೀನ್ ಒಂದನ್ನೂ ತಪ್ಪಿಸುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಎಡಿಟರ್ ಅವಳಿಗೆ ಮನೆಯಲ್ಲಿ ಕೇಳಲೆಂದು ಲೈಲ್‌ನ ದನಿಯನ್ನು ಬೇರೆಯಾಗಿ ಹಾಕಿಕೊಟ್ಟಿದ್ದ. ಅವಳಿಗೆ ಅದು ಸಾಲದು. ಮನೆಯಲ್ಲಿ ಅದು ಬರೀ ದನಿ, ಸ್ಟುಡಿಯೊದಲ್ಲಾದರೆ ನಾಲ್ಕು ಜನ ಅವನ ಮಾತಿಗೆ ನಗುತ್ತಾರೆ, ಅವನು ಇನ್ನೂ ಕೆಲಸಕ್ಕೆ ಬರುತ್ತಿರುವ ಹಾಗಿರುತ್ತದೆ ಎಂದು ಅವಳು ಗಾರೊಗೆ ಹೇಳಿದ್ದಳು.

ಒಂದು ವರ್ಷ ಹೀಗೇ ಕಳೆಯಿತು. ಮುಂದಿನ ಪ್ರದರ್ಶನದಲ್ಲೂ ಕಥೆ ಗಟ್ಟಿಯಾಗದಿದ್ದರೆ ಸಿನಿಮಾ ಕೈಬಿಡುತ್ತೇವೆ ಎಂದು ಮೇಲಿನವರು ತಿಳಿಸಿದರು. ನಿರ್ದೇಶಕಿ ಕೋರಿನ್ ಮೇಬ್ರಿ ಗಾರೊನ ಕೋಣೆಗೆ ಬಂದು ಖಾಲಿ ಮೇಜಿನ ಕಡೆ ನೋಡದೆ ಕೂತಳು. ಎಲ್ಲಿ ತಪ್ಪುತ್ತಿದ್ದೇವೆ ಎಂದು ಕೇಳಿದಳು.

"ಹುಡುಗಿಗೆ ಭಯ ಆದಾಗೆಲ್ಲ ಒಂಟೆ 'ಇದೀನಿ' ಅನ್ನತ್ತೆ," ಎಂದ ಗಾರೊ. "ಅದು ಅಷ್ಟು ಚೆನ್ನಾಗಿ ಅಂದ್ಮೇಲೆ ನೋಡೋರು ಯಾಕೆ ಹೆದರ್ಬೇಕು?"

"ಯಾವಾಗಿಂದ ಗೊತ್ತು ನಿಂಗೆ?"

"ನಿಂಗೆ ಗೊತ್ತಾದಾಗಿಂದ."

ಕೋರಿನ್ ತಲೆ ತಗ್ಗಿಸಿದಳು. ಒಂಟೆಯನ್ನು ಕಲ್ಪಿಸಿದವನು ಗಾರೊ. ತೆಗೆಯುವುದನ್ನೂ ತಾನೇ ಮಾಡುತ್ತೇನೆ, ಮೊದಲು ನೇಡೀನ್‌ಗೆ ಹೇಳಿ ಬರುತ್ತೇನೆ ಎಂದ.

ಆ ಭಾನುವಾರ ಊಟ ಮುಗಿಯುವವರೆಗೂ ಅವನು ಹೇಳಲಿಲ್ಲ. ಹೇಳಿದಾಗ ನೇಡೀನ್ ಮೇಜು ಒರೆಸುತ್ತಿದ್ದಳು.

"ಒಂಟೆಗೆ ಬೇರೆಯವರು ದನಿ ಕೊಡ್ತಾರಾ?"

"ಇಲ್ಲ. ಒಂಟೇನೇ ಇರಲ್ಲ."

"ಇನ್ನೊಬ್ಬ ಬಂದಿದ್ರೆ ಅವನನ್ನಾದ್ರೂ ಬೈಕೊಂಡಿರ್ತಿದ್ದೆ," ಎಂದಳು. "ಒಂದು ವರ್ಷ ಚೆನ್ನಾಗಿದೆ ಚೆನ್ನಾಗಿದೆ ಅಂದ್ಕೊಂಡು ಬಂದ್ರಲ್ಲ ನೀವೆಲ್ಲ. ಇನ್ನೊಂದು ವರ್ಷ ಅನ್ನೋಕಾಗಲ್ವಾ ಗಾರೊ?"

"ಸಿನಿಮಾನೇ ನಿಂತೋದ್ರೆ ಆ ಪ್ರದರ್ಶನನೂ ಇರಲ್ಲ."

ಅವಳು ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. ಅವನನ್ನು ಬಾಗಿಲವರೆಗೆ ಬಿಟ್ಟುಬರಲು ಹೋಗಲಿಲ್ಲ.

ಗಾರೊ ಮರಳುಬಿರುಗಾಳಿಯ ದೃಶ್ಯದಿಂದ ಶುರು ಮಾಡಿದ. ಮೊದಲು ಅಲ್ಲಿ ಹುಡುಗಿ ಒಂಟೆಯ ಹೊಟ್ಟೆಗೆ ಒರಗಿ ಮಲಗುತ್ತಿದ್ದಳು. ಈಗ ಒಬ್ಬಳೇ ಕುಕ್ಕರುಗಾಲಲ್ಲಿ ಕೂತು ಅಣ್ಣನ ಹೆಸರು ಹಿಡಿದು ಕೂಗುತ್ತಾಳೆ. ರೀಲು ಮಾಡುವ ಮೊದಲು ಚಿತ್ರ ಬರೆದವನೇ ಅವನ್ನು ಗೋಡೆಗೆ ಅಂಟಿಸಿ, ಕೋಲಿನಿಂದ ತೋರಿಸುತ್ತ, ಎಲ್ಲ ಪಾತ್ರಗಳ ಮಾತನ್ನೂ ತಾನೇ ಆಡಿ ಕಥೆ ಹೇಳಬೇಕು. ಗಾರೊ ಹುಡುಗಿಯಾಗಿ ಕೂಗಿದ. ಒಂಟೆಯ ಉತ್ತರವಿರುತ್ತಿದ್ದ ಜಾಗದಲ್ಲಿ ಕೋಲನ್ನು ಹಾಗೇ ಹಿಡಿದು ಸುಮ್ಮನೆ ನಿಂತ. ಹೇಳಿ ಮುಗಿದಾಗ ಚಪ್ಪಾಳೆ ತಟ್ಟುವ ರೂಢಿ. ಅಂದು ಯಾರೂ ತಟ್ಟಲಿಲ್ಲ. ಕೋರಿನ್ ಇದನ್ನೇ ಇಟ್ಟುಕೊಳ್ಳೋಣ ಎಂದಳು.

ಪ್ರದರ್ಶನದ ದಿನ ಗಾರೊ ಮತ್ತೆ ಮತ್ತೆ ಹಿಂದಿನ ಸಾಲಿಗೆ ತಿರುಗಿ ನೋಡಿದ. ನೇಡೀನ್ ಬರಲಿಲ್ಲ. ಬಿರುಗಾಳಿಯ ಹೊತ್ತಿಗೆ ಲೆಕ್ಕಪತ್ರ ವಿಭಾಗದವರೂ ಮೂಗು ಒರೆಸಿಕೊಳ್ಳುತ್ತಿದ್ದರು. ದೀಪ ಹತ್ತಿದ ಮೇಲೆ ಸಿನಿಮಾ ಮುಂದುವರಿಯಲಿ ಎಂದು ಮೇಲಿನವರು ಅಲ್ಲೇ ಹೇಳಿಬಿಟ್ಟರು. ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಗಾರೊ ಹೊರಗೆ ಬಂದು, ಕಾರುಗಳ ನಡುವೆ ನಿಂತು ನೇಡೀನ್‌ಗೆ ಫೋನ್ ಮಾಡಿದ.

ಉಳಿಯಿತು ಎಂದ. ಅವಳು ಸರಿ ಎಂದಳು. ಫೋನ್ ಇಡಲಿಲ್ಲ.

"ಆ ಗಾಳಿ ಬರೋ ಕಡೆ ಏನ್ ಮಾಡಿದ್ರಿ?"

"ಏನೂ ಇಲ್ಲ. ಅವಳು ಕೂಗ್ತಾಳೆ. ಯಾರೂ ಓಗೊಡಲ್ಲ."

"ಜನ?"

"ಅತ್ರು."

"ಕೂಗಿ ಆದ್ಮೇಲೆ ಎಷ್ಟೊತ್ತು ಬಿಟ್ಟಿದೀರಿ?" ಎಂದು ಕೇಳಿದಳು.

"ಒಂದು ಉಸಿರಿನಷ್ಟು."

"ಅಷ್ಟಕ್ಕೆ ಮುಗಿಯಲ್ಲ ಗಾರೊ," ಎಂದಳು. "ಓಗೊಡಬಹುದೇನೋ ಅಂತ ಕಾಯ್ತಾ ಇರ್ತೀವಿ."

ಅವನು ಒಳಗೆ ಹೋಗಿ, ಸಂಭ್ರಮದಲ್ಲಿದ್ದ ಎಡಿಟರ್‌ನನ್ನು ಪಕ್ಕಕ್ಕೆ ಕರೆದು, ಆ ಮೌನವನ್ನು ಇನ್ನಷ್ಟು ಉದ್ದ ಮಾಡಬೇಕು ಎಂದು ಹೇಳಿದ.