ಗೋಡೆಗೆ ಆದ ಶೀತ

ಮದ್ದೂರಿನ ನಾಲೆ ಹತ್ತಿರ ನನ್ನ ಸೋದರತ್ತೆಯ ಮನೆ. ಅದರ ಪಡಸಾಲೆಯ ಗೋಡೆ ಮೊದಲಿನಿಂದಲೂ ಒದ್ದೆಯೆಂದು ನನ್ನ ನೆನಪು. ಚಿಕ್ಕಂದಿನಲ್ಲಿ ರಜಕ್ಕೆ ಹೋದಾಗ ಅದಕ್ಕೆ ಒರಗಿದರೆ ಅಂಗಿಯ ಬೆನ್ನು ತಣ್ಣಗಾಗುತ್ತಿತ್ತು. ಆಗಿನ್ನೂ ಗೋಡೆಯಾಚೆ ಪಕ್ಕದ ಮನೆಯವರ ಬಚ್ಚಲಿರಲಿಲ್ಲ. ಆದರೆ ಒದ್ದೆಯಾಗಿದ್ದುದು ಗೋಡೆಯಿಂದಲೋ ಬೆವರಿನಿಂದಲೋ, ಈಗ ಖಚಿತವಾಗಿ ಹೇಳಲಾರೆ.

ಅತ್ತೆಗೆ ಆ ಅನುಮಾನವೇ ಇರಲಿಲ್ಲ. "ಬಚ್ಚಲು ಕಟ್ಟುದ್ ಮ್ಯಾಲೇ ಕಣ್ಲಾ ಗೋಡೆಗೆ ಸೀತ ಆಗಿದ್ದು. ಬಂದು ಉಂಡು ಓಯ್ತಿದ್ದೋನು, ನಿಂಗೇನ್ಲಾ ಗೊತ್ತು?"

ನಮ್ಮಲ್ಲಿ ತೇವಕ್ಕೂ ನೆಗಡಿಗೂ ಶೀತವೆಂದೇ ಹೆಸರು. ಅತ್ತೆ ಮದ್ದನ್ನೂ ಹಾಗೇ ಮಾಡಿದ್ದರು. ಕಂಬಳಿ ಹೊದಿಸಿದಂತೆ ಗೋಡೆಗೆ ಮಂಡಿಯೆತ್ತರ ಸಿಮೆಂಟು ಮೆತ್ತಿಸಿ, ಮೇಲೆ ಆಯಿಲ್ ಪೇಂಟು ಹೊಡೆಸಿದ್ದರು. ನಾಲೆಗೆ ನೀರು ಬಿಟ್ಟಾಗ ಒದ್ದೆಯ ಕಲೆ ಸೊಂಟದವರೆಗೆ ಏರಿತು.

"ನೋಡ್ಲಾ, ಸಿಮೆಂಟ್ ಮೆತ್ಸಿದ್ಕೆ ಪಕ್ಕದ್ಮನೆಯೋಳು ಬೇಕಂತ್ಲೇ ಇನ್ನೂ ಎಚ್ಚಾಗಿ ನೀರು ಉಯ್ತಾವ್ಳೆ!"

ಗೌರಿ ಹಬ್ಬ ಕಳೆದ ಮೇಲೆ ಊರವರನ್ನು ಕರೆದು ನ್ಯಾಯ ಸೇರಿಸಿ ಆ ಬಚ್ಚಲು ಒಡೆಸುವುದೆಂದು ಅತ್ತೆ ತೀರ್ಮಾನಿಸಿದರು. ಪಕ್ಕದ ಮನೆಯಾಕೆ ಅತ್ತೆಯ ಜೊತೆಗೇ ಬಟ್ಟೆ ಒಗೆಯಲು ನಾಲೆಗೆ ಹೋಗುತ್ತಿದ್ದವರು. ಈಗ ಮಂಡಿ ನೋವು. ಅವರಿಗಿರುವುದು ಅದೊಂದೇ ಬಚ್ಚಲು.

ನನಗೆ ತಿಳಿದದ್ದು ಹೇಳಿದೆ. ಇಟ್ಟಿಗೆಯೊಳಗೆ ಕೂದಲಿಗಿಂತ ಸಣ್ಣ ಸಂದುಗಳಿರುತ್ತವೆ. ಬತ್ತಿಗೆ ಎಣ್ಣೆ ಏರುವಂತೆ ನೆಲದ ನೀರು ಅವುಗಳಲ್ಲಿ ಏರಿ, ಗೋಡೆಯ ಮೈಯಿಂದ ಆರಿಹೋಗುತ್ತದೆ. ಮೈ ಮುಚ್ಚಿದರೆ ಆರಲು ಜಾಗ ಸಿಗುವವರೆಗೆ ಮೇಲೇರುತ್ತದೆ.

"ನೀರು ಮ್ಯಾಕ್ಕೆ ಅರೀತದಾ? ಇದ್ನ ಕಲಿಯಾಕೇನ್ಲಾ ಮೈಸೂರ್ಗೋಗಿದ್ದೆ?"

ಹಬ್ಬಕ್ಕೆ ಸುಣ್ಣ ಬಳಿಯಲು ನಡುಮನೆಯ ಅಕ್ಕಿ ಮೂಟೆಗಳನ್ನು ಸರಿಸಿದೆವು. ಅವುಗಳ ಹಿಂದಿದ್ದ ಗೋಡೆಯಲ್ಲೂ ಮಂಡಿಯೆತ್ತರ ಅದೇ ಕಲೆ. ಆ ಗೋಡೆಯ ಎರಡು ಕಡೆಯೂ ಅತ್ತೆಯ ಮನೆಯೇ. ಅವರು ಅಂಗೈ ಒತ್ತಿ ನೋಡಿದರು.

"ಇಲ್ಯಾವ ಬಚ್ಲದೆ?" ಎಂದರು. ನನ್ನನ್ನು ಕೇಳಿದಂತಿರಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಹಿತ್ತಿಲಿಗೆ ಹೋಗಿ ಪಕ್ಕದ ಮನೆಯಾಕೆಯನ್ನು ಕೂಗಿದರು: "ಏ ಅಮ್ಮೀ, ಕಾಫಿ ಕಾಯ್ಸಿವ್ನಿ, ಬಾ."

ಬಚ್ಚಲೊಳಗೆ ನೀರಿನ ಸದ್ದು ನಿಂತಿತು. "ಮೊದ್ಲು ನಿನ್ ಗೋಡೆಗೆ ಕುಡ್ಸು ಕಣಮ್ಮಿ, ಸೀತ ಆಗದಂತಲ್ಲ!"

ಹಾಗೆಂದವರು ಬಂದರು. ಮಂಡಿ ಹಿಡಿದುಕೊಂಡು ಕೂತು ಪಡಸಾಲೆಯ ಗೋಡೆಗೆ ಬೆನ್ನು ಕೊಡಹೋದರು. ಅತ್ತೆ ಲೋಟ ಮುಂದೆ ಹಿಡಿದರು.

"ಒರಗ್ಬ್ಯಾಡ ಕಣಮ್ಮಿ, ಸೀರೆ ನೆಂದೋಯ್ತದೆ. ನಾಲೆ ನೀರು."