ಕುಬಸ ಆಗದವರು

ಯಾವುದರಿಂದ ಯಾವುದಾಯಿತು ಎಂದು ಪತ್ತೆ ಹಚ್ಚುವುದನ್ನು ವೈದ್ಯಕೀಯ ವಿದ್ಯಾರ್ಥಿಗಳಿಗೆ ಕಲಿಸುವುದು ನನ್ನ ಕೆಲಸ. ತರಗತಿಯಲ್ಲಿ ಬೋರ್ಡಿನ ತುಂಬ ಬಾಣಗಳನ್ನು ಎಳೆದು ಗಂಟಲು ಹರಿಯುವಂತೆ ಮಾತಾಡುತ್ತೇನೆ. ಮನೆಗೆ ಬಂದರೆ ಈಗ ಮಾತಿಗೆ ಯಾರೂ ಇಲ್ಲ. ಹಾಗಾಗಿ ಅಂಕಿಗಳನ್ನೇ ಅತಿಯಾಗಿ ನಂಬಿಬಿಟ್ಟಿದ್ದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಕೆಲವು ಹಳ್ಳಿಗಳಲ್ಲಿ ಚೊಚ್ಚಲ ಬಸುರಿಯರ ಮನೆಗೆ ಆಶಾ ಕಾರ್ಯಕರ್ತೆಯರು ವಾರವಾರ ಹೋಗುವ ಏರ್ಪಾಟಿತ್ತು. ಅದು ಮುಂದುವರಿಯಬೇಕೋ ನಿಲ್ಲಬೇಕೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು. ಲೆಕ್ಕ ಉಲ್ಟಾ ಬಂತು. ಕೊನೆಯವರೆಗೆ ಭೇಟಿ ಪಡೆದವರ ಕೂಸುಗಳ ತೂಕ ಕಡಿಮೆ, ನಡುವೆ ಬಿಟ್ಟವರ ಕೂಸುಗಳ ತೂಕ ಹೆಚ್ಚು. ಈ ಭೇಟಿಗಳು ದಂಡ ಎಂದು ಬರೆದೂ ಆಯಿತು.

ಕಳಿಸುವ ಮುಂಚೆ ಪಟ್ಟಿಯನ್ನು ಮೇಲವಂಕಿಯ ಆಶಾ ಕಾರ್ಯಕರ್ತೆಗೆ ತೋರಿಸಿದೆ. ಇವರೆಲ್ಲ ಯಾಕೆ ನಡುವೆ ಬಿಟ್ಟರು ಎಂದು ಕೇಳಿದೆ.

"ಬಿಟ್ಟಿಲ್ಲರಿ ಮೇಡಂ. ಏಳನೇ ತಿಂಗಳದಾಗ ಕುಬಸ ಮಾಡಿ ತವರಿಗೆ ಕರಕೊಂಡ ಹೋಗ್ಯಾರ. ಚೊಚ್ಚಲ ಬಾಣಂತನ ತವರಮನ್ಯಾಗ ಅಲ್ಲೇನ್ರಿ?"

"ಮತ್ತ ಇಲ್ಲೇ ಉಳದವರು?"

"ಅವ್ವ ಇಲ್ಲದಾಕಿ, ಇಲ್ಲಾ ಕರಿಯಾಕ ಯಾರೂ ಬರದಾಕಿ. ಅಂಥಾಕಿಗಿ ಹೊಟ್ಟಿತುಂಬ ಉಣ್ಣು ಅನ್ನವರ ಯಾರದಾರ್ರಿ?"

ನನಗೆ ಮುಖ ಎತ್ತಲಾಗಲಿಲ್ಲ. ಕೊನೆಯವರೆಗೆ ಭೇಟಿಗೆ ಉಳಿದವರು ಗತಿಯಿಲ್ಲದವರೇ; ಅವರ ಕೂಸುಗಳ ತೂಕ ಇಳಿದದ್ದಕ್ಕೆ ನಾನು ಭೇಟಿಗಳನ್ನೇ ದೂರಿದ್ದೆ. ತಪ್ಪು ಮಾಡಿದವಳು ಹೊರಗಿನವಳೂ ಅಲ್ಲ, ಇದೇ ಸೀಮೆಯ ಮಮದಾಪುರದ ಹೆಣ್ಣುಮಗಳು. ಆದರೆ ನನ್ನ ಚೊಚ್ಚಲಿನ ಹೊತ್ತಿಗೆ ಅವ್ವ ತೀರಿಹೋಗಿದ್ದಳು, ಸೀಮಂತದ ಸೀರೆ ಉಡಿಸಿ ನನಗೆ ಯಾರೂ ಕುಬಸ ಮಾಡಲಿಲ್ಲ. ಕಾಣದ್ದನ್ನು ಲೆಕ್ಕಕ್ಕೂ ತರಲಿಲ್ಲ.

ಆ ಮಧ್ಯಾಹ್ನ ಕಾರ್ಯಕರ್ತೆಯ ಜೊತೆ ಅಂಥವಳೊಬ್ಬಳ ಮನೆಗೆ ಹೋದೆ. ತುಂಬಿದ ಹೊಟ್ಟೆಯ ಹುಡುಗಿಯೊಬ್ಬಳು ಚಾಪೆ ಹಾಸಿ ಚಹಾಕ್ಕಿಟ್ಟಳು. ಕಾರ್ಯಕರ್ತೆ ರಕ್ತದೊತ್ತಡ ನೋಡಿ, ಮಾತ್ರೆ ಕೊಟ್ಟು, ಅದು ಇದು ಹರಟಿ ಎದ್ದರು. ಹುಡುಗಿ ಬಾಗಿಲವರೆಗೂ ನಮ್ಮ ಹಿಂದೆಯೇ ಬಂದಳು.

"ಮುಂದಿನ ವಾರಾನೂ ಇವರು ಬರ್ತಾರಲ್ರಿ?" ಎಂದು ನನ್ನನ್ನು ಕೇಳಿದಳು. "ನನ್ನ ಕೂಡ ಮಾತಾಡವರು ಇವರೊಬ್ಬರ ನೋಡ್ರಿ."

"ಬರ್ತಾರವಾ" ಎಂದೆ. ಹಾಗೆ ಮಾತು ಕೊಡುವ ಅಧಿಕಾರ ನನಗಿರಲಿಲ್ಲ. ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಭೇಟಿಗಳು ದಂಡ ಎಂಬ ವರದಿಯ ಸಾಲನ್ನು ಹೊಡೆದುಹಾಕಿದೆ. ಆಮೇಲೆ, ನನ್ನ ಚೊಚ್ಚಲಿನ ದಿನಗಳಲ್ಲಿ ನನ್ನ ಬಾಗಿಲಿಗೆ ವಾರಕ್ಕೊಮ್ಮೆ ಕೂಡ ಯಾರೂ ಬರಲಿಲ್ಲವಲ್ಲ ಎಂದು, ಇಷ್ಟು ವರ್ಷಗಳ ಮೇಲೆ, ಅತ್ತುಬಿಟ್ಟೆ.